ತರಗತಿಯ ಹಗ್ಗಜಗ್ಗಾಟ

(ಕಣಕಟ್ಟೆಯಲ್ಲಿ ಶಿಕ್ಷಕರು, ಪೋಷಕರು ಮತ್ತು ವಿದ್ಯಾರ್ಥಿಗಳು ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣ)



ವಿದ್ಯಾರ್ಥಿಗಳನ್ನು ಹಿಂದೆ ಕೂರಿಸಿದವರು ಯಾರೋ ತಿಳಿಯದು. ಮುಂದಿನ ಸಾಲಿನಲ್ಲಿ ಖಾಲಿ ಕುರ್ಚಿಗಳಿವೆ, ಬರುವವರು ಬರಬಹುದು. ಬರಲೇಬೇಕು ಎಂದು ನಾನು ಹೇಳುವುದಿಲ್ಲ. ಹೇಳಿದೆನೆಂದರೆ ಇವತ್ತಿನ ಭಾಷಣದ ವಿಷಯ ಇಲ್ಲಿಯೇ ಶುರುವಾಗಿಬಿಡುತ್ತದೆ.

ಸಂಘದವರು ನನಗೆ ಕೊಟ್ಟ ವಿಷಯ ‘ಶಾಲೆಯಲ್ಲಿ ಶಿಸ್ತು’. ಶಿಸ್ತಿನ ಬಗ್ಗೆ ನಾವೆಲ್ಲ ಬೇಕಾದಷ್ಟು ಕೇಳಿದ್ದೇವೆ. ಆದ್ದರಿಂದ ಅದರಲ್ಲಿ ಒಂದು ತುಂಡನ್ನು ಮಾತ್ರ ಎತ್ತಿಕೊಳ್ಳುತ್ತೇನೆ. ಮೇಷ್ಟ್ರು ಒಂದು ಮಾತು ಹೇಳುತ್ತಾರೆ, ಹುಡುಗ ಇಲ್ಲ ಎನ್ನುತ್ತಾನೆ. ಮೇಷ್ಟ್ರು ದನಿ ಏರಿಸುತ್ತಾರೆ, ಹುಡುಗನೂ ಏರಿಸುತ್ತಾನೆ. ಐದು ನಿಮಿಷದಲ್ಲಿ ಮೊದಲಿನ ವಿಷಯ ಇಬ್ಬರಿಗೂ ಮರೆತುಹೋಗಿ, ‘ಯಾರ ಮಾತು ನಡೆಯಬೇಕು’ ಎನ್ನುವುದೊಂದೇ ಉಳಿಯುತ್ತದೆ. ಆ ಐದು ನಿಮಿಷದ ಬಗ್ಗೆ ನನ್ನ ಮಾತು.

ನನ್ನದೇ ತಪ್ಪಿನಿಂದ ಆರಂಭಿಸುತ್ತೇನೆ. ಸುಮಾರು ಇಪ್ಪತ್ತು ವರ್ಷಗಳ ಹಿಂದೆ ನಾನು ಒಂದು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದೆ. ನಮ್ಮ ಕಡೆಯ ಹಳ್ಳಿಗಳ ಸಂಗತಿ ನಿಮಗೆ ಗೊತ್ತು. ಶಾಲೆಯ ಗಂಟೆ ಗಡಿಯಾರ ನೋಡಿ ಹೊಡೆಯುತ್ತದೆ, ಬಸ್ಸು ಮಾತ್ರ ತನ್ನ ಇಷ್ಟ ನೋಡಿ ಬರುತ್ತದೆ. ಒಂಬತ್ತನೇ ತರಗತಿಯ ಒಬ್ಬ ಹುಡುಗ ಪಾಠ ಅರ್ಧವಾದ ಮೇಲೆ ಒಳಗೆ ಬಂದ. ಅನುಮತಿ ಕೇಳಲಿಲ್ಲ, ನೇರವಾಗಿ ಹೋಗಿ ತನ್ನ ಜಾಗದಲ್ಲಿ ಕುಳಿತ.

“ಹೊರಗೆ ಹೋಗಿ, ಅನುಮತಿ ಕೇಳಿಕೊಂಡು ಬಾ” ಎಂದೆ.

“ಬಸ್ಸು ಲೇಟು ಸಾರ್.”

“ನಾನು ಬಸ್ಸಿನ ವಿಷಯ ಕೇಳಲಿಲ್ಲ.”

ತರಗತಿ ನಕ್ಕಿತು. ಆ ನಗು ನನ್ನ ಕಡೆಗಿದೆ ಎಂದು ನನಗೆ ಖುಷಿಯಾಯಿತು. ಈಗ ಯೋಚಿಸಿದರೆ ಎಲ್ಲ ಕೆಟ್ಟದ್ದು ಆ ನಗುವಿನಲ್ಲಿಯೇ. ಹುಡುಗ ಏಳಲಿಲ್ಲ. ನಾನು ಪುಸ್ತಕ ಮುಚ್ಚಿ, “ಇವನು ಎದ್ದು ಹೊರಗೆ ಹೋಗುವವರೆಗೆ ನಾನು ಪಾಠ ಮಾಡುವುದಿಲ್ಲ” ಎಂದುಬಿಟ್ಟೆ. ನನ್ನ ಕಾಲಿಗೆ ನಾನೇ ಹಗ್ಗ ಕಟ್ಟಿಕೊಂಡಂತೆ. ಇಪ್ಪತ್ತು ನಿಮಿಷ ನಾನು ಮೇಜಿನ ಹತ್ತಿರ, ಅವನು ಬೆಂಚಿನಲ್ಲಿ, ನಡುವೆ ನಲವತ್ತು ಮಕ್ಕಳು ಉಸಿರು ಬಿಗಿಹಿಡಿದು ನೋಡುತ್ತಿದ್ದರು. ಕೊನೆಗೆ ಮುಖ್ಯ ಶಿಕ್ಷಕರು ಬಂದರು. ನಾಳೆ ತಂದೆಯನ್ನು ಕರೆದುಕೊಂಡು ಬಂದು ಎಲ್ಲರೆದುರು ಕ್ಷಮೆ ಕೇಳಬೇಕು ಎಂದು ತೀರ್ಮಾನವಾಯಿತು. ಅವನು ಮರುದಿನ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ತಂದೆ ಕಾಯಿ ಸುಲಿಯುವ ಕೂಲಿ ಕೆಲಸದವರು, ಮಗನ ಟಿ.ಸಿ. ತೆಗೆದುಕೊಳ್ಳಲೂ ಬರಲಿಲ್ಲ. ಹುಡುಗ ಯಾವುದೋ ಗ್ಯಾರೇಜಿಗೆ ಸೇರಿದ ಎಂದು ಆಮೇಲೆ ಕೇಳಿದೆ.

ಆ ದಿನ ನಾನು ಗೆದ್ದೆ. ಸ್ಟಾಫ್ ರೂಮಿನಲ್ಲಿ ನನಗೆ ಚಹಾ ಕೂಡ ಸಿಕ್ಕಿತು.

ಎಷ್ಟೋ ದಿನಗಳ ನಂತರ ಅವನ ಗೆಳೆಯನೊಬ್ಬ ಹೇಳಿದ. ಆ ದಿನ ಬೆಳಿಗ್ಗೆ ಬಸ್ಸಿನಲ್ಲಿ ಕಂಡಕ್ಟರ್ ಪಾಸಿನ ವಿಷಯಕ್ಕೆ ಅವನನ್ನು ಎಲ್ಲರೆದುರು ಬೈದಿದ್ದರಂತೆ. ಗೇಟಿನಲ್ಲಿ ಇನ್ನೊಬ್ಬ ಮೇಷ್ಟ್ರು ತಡವಾಗಿ ಬಂದದ್ದಕ್ಕೆ ನಿಲ್ಲಿಸಿ ಬೈದಿದ್ದರಂತೆ. ನನ್ನದು ಆ ದಿನದ ಮೂರನೆಯದು. ಅವನಿಗೆ ಅದು ಮೂರನೆಯದು, ನನಗೆ ಮೊದಲನೆಯದು. ಎಂಥ ಸಣ್ಣ ಮಾತಿಗೆ ಇಷ್ಟು ಹಟವೇ ಎಂದು ನಾನು ಅಂದುಕೊಂಡದ್ದು ಈ ಲೆಕ್ಕ ಗೊತ್ತಿಲ್ಲದೆ. ಗಣಿತದ ಮೇಷ್ಟ್ರಾಗಿಯೂ ಲೆಕ್ಕ ತಪ್ಪಿದೆ.

ಶಿಕ್ಷಕ ಬಂಧುಗಳೇ, ಈಗ ನಾವು ಸ್ವಲ್ಪ ಬಿಡಿಸಿ ನೋಡೋಣ. ಆಸ್ಟ್ರಿಯಾದಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ್ದ ರುಡಾಲ್ಫ್ ಡ್ರೈಕರ್ಸ್ (1897–1972) ಎಂಬ ಮನೋವೈದ್ಯರು ಮಕ್ಕಳ ತಂಟೆಯ ಹಿಂದೆ ನಾಲ್ಕು ಉದ್ದೇಶಗಳನ್ನು ಗುರುತಿಸಿದ್ದರು. ಒಂದು, ನನ್ನನ್ನು ಗಮನಿಸಿ ಎನ್ನುವುದು. ಎರಡು, ನನ್ನ ಮೇಲೆ ಯಾರದ್ದೂ ನಡೆಯದು ಎಂದು ತೋರಿಸುವುದು. ಮೂರು, ನನಗೆ ನೋವಾಗಿದೆ, ನಿಮಗೂ ಆಗಲಿ ಎನ್ನುವುದು. ನಾಲ್ಕು, ನನ್ನಿಂದ ಏನೂ ಆಗದು, ನನ್ನನ್ನು ಬಿಟ್ಟುಬಿಡಿ ಎನ್ನುವುದು. ಇದರಲ್ಲಿ ಯಾವುದು ಎಂದು ತಿಳಿಯಲು ಅವರು ಹೇಳಿದ ಉಪಾಯ ನನಗೆ ಬಹಳ ಹಿಡಿಸಿತು. ಮಗುವನ್ನು ನೋಡಬೇಡಿ, ನಿಮ್ಮ ಮನಸ್ಸನ್ನು ನೋಡಿಕೊಳ್ಳಿ. ಬರೀ ಕಿರಿಕಿರಿಯಾದರೆ ಅದು ಗಮನ ಸೆಳೆಯುವ ಆಟ. ‘ಇವನಿಗೆ ಇಷ್ಟು ಧೈರ್ಯವೇ, ನೋಡಿಯೇ ಬಿಡುತ್ತೇನೆ’ ಎಂದು ಎದೆಯಲ್ಲಿ ಬಿಸಿಯಾದರೆ ಅದು ಅಧಿಕಾರದ ಜಗ್ಗಾಟ. ಮನಸ್ಸಿಗೆ ಚುಚ್ಚಿದರೆ ಸೇಡು. ಕೈಚೆಲ್ಲಿ ಕೂರುವಂತಾದರೆ ಆ ಮಗುವೂ ಕೈಚೆಲ್ಲಿದೆ ಎಂದರ್ಥ.

ಎರಡನೆಯದು ಬಂತೆಂದು ತಿಳಿದ ಕೂಡಲೇ ಏನು ಮಾಡಬೇಕು? ಹಗ್ಗ ಬಿಡಬೇಕು. ಜಗ್ಗಾಟಕ್ಕೆ ಎರಡು ಕಡೆಯೂ ಎಳೆಯುವವರಿರಬೇಕು. ಬಿಡುವವರು ದೊಡ್ಡವರೇ ಆಗಿರಬೇಕು. ಅವರು ವಿದ್ಯಾವಂತರು, ಸಂಯಮಿಗಳು ಎಂಬ ಕಾರಣಕ್ಕೆ ನಾನು ಹಾಗೆ ಹೇಳುತ್ತಿಲ್ಲ. ಸಂಯಮ ನಮಗೆ ಎಷ್ಟಿದೆ ಎಂದು ನಮ್ಮ ಮನೆಯವರಿಗೆ ಗೊತ್ತು. ಕಾರಣ ಬೇರೆ. ಸೋತರೂ ಮೇಷ್ಟ್ರಿಗೆ ನಾಳೆ ಶಾಲೆಯಿದೆ, ತಿಂಗಳ ಕೊನೆಗೆ ಸಂಬಳವಿದೆ, ಹಾಜರಿ ಪುಸ್ತಕ ಅವರ ಕೈಯಲ್ಲಿಯೇ ಇದೆ. ಹದಿನಾಲ್ಕು ವರ್ಷದ ಹುಡುಗನಿಗೆ ಗೆಳೆಯರೆದುರು ಸೋತ ಮೇಲೆ ವಾಪಸು ಬರುವ ದಾರಿ ಬಹಳ ಕಿರಿದು. ದಾರಿ ಇರುವವರು ಸರಿದು ನಿಲ್ಲಬೇಕು. ಅರಸೀಕೆರೆ ರಸ್ತೆಯಲ್ಲಿ ಎದುರಿನಿಂದ ಕಾಯಿ ತುಂಬಿದ ಲಾರಿ ಬಂದಾಗ ಯಾರ ಪಕ್ಕದಲ್ಲಿ ಜಾಗವಿದೆಯೋ ಅವರು ಇಳಿಸುತ್ತಾರೆ, ಯಾರದ್ದು ದೊಡ್ಡ ಗಾಡಿ ಎಂದು ಕೇಳುವುದಿಲ್ಲ.

‘ಬಿಟ್ಟುಕೊಟ್ಟರೆ ತಲೆ ಮೇಲೆ ಕೂರುತ್ತಾರೆ’ ಎಂದು ಮುಂದಿನ ಸಾಲಿನ ಕೆಲವರ ಮುಖದಲ್ಲಿ ಕಾಣುತ್ತಿದೆ. ಹಗ್ಗ ಬಿಡುವುದು ಬೇರೆ, ನಿಯಮ ಬಿಡುವುದು ಬೇರೆ. ತಡವಾಗಿ ಬಂದವನಿಗೆ “ಕೂತ್ಕೊ, ಪಾಠ ಮುಗಿದ ಮೇಲೆ ನನ್ನನ್ನು ಕಾಣು” ಎಂದು ಮೆಲ್ಲಗೆ ಹೇಳಿ ಬೋರ್ಡಿನ ಕಡೆ ತಿರುಗಿದರೆ ಯಾವ ನಿಯಮವೂ ಮುರಿಯಲಿಲ್ಲ. ಮುರಿದದ್ದು ನೋಡುವವರ ಮೋಜು ಮಾತ್ರ. ಪಾಠದ ನಂತರ ಅವನು ಒಬ್ಬನೇ ಸಿಕ್ಕಾಗ ಅದೇ ಮಾತು ಹೇಳಿ, ತಪ್ಪಿದ್ದರೆ ಸಣ್ಣದೊಂದು ದಂಡವನ್ನೂ ಹಾಕಿ. ನಲವತ್ತು ಜನರೆದುರು ಒಪ್ಪದ ಹುಡುಗ ಒಬ್ಬನೇ ಇದ್ದಾಗ ಹತ್ತರಲ್ಲಿ ಎಂಟು ಸಲ ಒಪ್ಪುತ್ತಾನೆ. ಇದು ಸಂಶೋಧನೆಯಲ್ಲ, ನನ್ನ ಅನುಭವದ ಅಂದಾಜು.

ದನಿ ತಗ್ಗಿಸಿ ಹತ್ತಿರ ಹೋಗಿ ಹೇಳಿದ ಮಾತಿಗೂ ಬೋರ್ಡಿನ ಹತ್ತಿರದಿಂದ ಕೂಗಿ ಹೇಳಿದ ಮಾತಿಗೂ ಬಹಳ ವ್ಯತ್ಯಾಸವಿದೆ. ಹೇಳಿದ ಮೇಲೆ ತಲೆಯ ಮೇಲೆ ನಿಂತು ಕಾಯಬೇಡಿ. “ಪುಸ್ತಕ ತೆಗಿ, ಇಲ್ಲವೇ ಪಕ್ಕದವನ ಪುಸ್ತಕ ನೋಡು” ಎಂದು ಎರಡು ದಾರಿ ತೋರಿಸಿ ಮುಂದಿನ ಬೆಂಚಿಗೆ ಹೋಗಿಬಿಡಿ. ಅರ್ಧ ನಿಮಿಷದಲ್ಲಿ ಅವನು ಗೊಣಗುತ್ತಲೇ ಪುಸ್ತಕ ತೆಗೆಯುತ್ತಾನೆ. ಆ ಗೊಣಗನ್ನು ಕೇಳಿಸಿಕೊಳ್ಳಬೇಡಿ. ಗೊಣಗುವುದು ಅವನು ತನ್ನ ಮರ್ಯಾದೆಗೆ ಕಟ್ಟಿಕೊಳ್ಳುವ ಚಿಲ್ಲರೆ. “ಏನಂದೆ? ಇನ್ನೊಂದು ಸಲ ಹೇಳು” ಎಂದು ಕೇಳಿ, ಮುಗಿದ ಜಗಳವನ್ನು ಮತ್ತೆ ಎಬ್ಬಿಸುವ ಮೇಷ್ಟ್ರುಗಳು ನಮ್ಮಲ್ಲಿ ಕಡಿಮೆಯೇನಿಲ್ಲ. ನಡೆಸಲಾಗದ ಬೆದರಿಕೆಯನ್ನಂತೂ ಹಾಕಲೇಬೇಡಿ. ನಾನು ಪಾಠ ಮಾಡುವುದಿಲ್ಲ ಎಂದದ್ದು ಅಂಥದ್ದೇ.

ಇನ್ನೊಂದು ತಮಾಷೆ ನೋಡಿ. ಬೈಯುವಾಗ “ತಲೆ ಎತ್ತಿ ನನ್ನ ಮುಖ ನೋಡು” ಎನ್ನುತ್ತೇವೆ. ಎತ್ತಿ ನೋಡಿದರೆ “ಏನು ಗುರಾಯಿಸ್ತೀಯಾ?” ಎನ್ನುತ್ತೇವೆ. ಆ ಮಗು ಕಣ್ಣನ್ನು ಎಲ್ಲಿಡಬೇಕು?

ಮಾತಿನ ವಿಷಯಕ್ಕೆ ಬಂದರೆ ನಮ್ಮ ಮಕ್ಕಳಿಗೆ ಇರುವ ಒಂದು ಕಷ್ಟವನ್ನು ಇಲ್ಲಿ ಹೇಳಲೇಬೇಕು. ಮನೆಯಲ್ಲಿ ದಖನಿ ಉರ್ದು ಆಡುವ ಮಗುವಿಗೆ ಕನ್ನಡದ ‘ನೀನು’, ‘ನೀವು’ ಬೇಗ ಹತ್ತುವುದಿಲ್ಲ. “ಸಾರ್, ನೀನೇ ಹೇಳಿದ್ದೆ” ಎಂದುಬಿಡುತ್ತದೆ. ಸಾರ್ ಎಂದದ್ದನ್ನು ಬಿಟ್ಟು, ನೀನು ಎಂದದ್ದನ್ನು ಮಾತ್ರ ಹಿಡಿದುಕೊಂಡು ಕೆನ್ನೆ ಕೆಂಪಾಗಿಸಿಕೊಂಡವರನ್ನು ನೋಡಿದ್ದೇನೆ. ಹಳ್ಳಿಯ ಕನ್ನಡದ ಮಕ್ಕಳದ್ದೂ ಹೆಚ್ಚು ಕಡಿಮೆ ಇದೇ ಕಥೆ. ಹೆತ್ತ ತಾಯಿಯನ್ನು ‘ನೀನು’ ಎನ್ನುವ ಮಗು ಮೇಷ್ಟ್ರನ್ನು ಹಾಗೆಂದರೆ ಅದು ಅಗೌರವವಲ್ಲ, ಸಲಿಗೆಯೂ ಅಲ್ಲ, ವ್ಯಾಕರಣ. ವ್ಯಾಕರಣವನ್ನು ವ್ಯಾಕರಣದ ಪಿರಿಯಡ್ಡಿನಲ್ಲಿ ತಿದ್ದೋಣ.

ಜಗಳ ಬಂದ ಮೇಲೆ ಬಿಡಿಸುವುದಕ್ಕಿಂತ ಬರದಂತೆ ನೋಡಿಕೊಳ್ಳುವುದು ಸುಲಭ. ಜೇಕಬ್ ಕೌನಿನ್ ಎಂಬ ಅಮೆರಿಕದ ವಿದ್ವಾಂಸರು ಅನೇಕ ತರಗತಿಗಳ ಚಿತ್ರೀಕರಣವನ್ನು ಕೂತು ನೋಡಿ 1970ರಲ್ಲಿ ಒಂದು ಪುಸ್ತಕ ಬರೆದರು. ತಂಟೆಯಾದ ಮೇಲೆ ಶಿಕ್ಷಕರು ಹೇಗೆ ಗದರಿಸುತ್ತಾರೆ ಎಂಬುದರಲ್ಲಿ ಒಳ್ಳೆಯ ತರಗತಿಗೂ ಕೆಟ್ಟ ತರಗತಿಗೂ ಅವರಿಗೆ ವ್ಯತ್ಯಾಸ ಕಾಣಲಿಲ್ಲ. ವ್ಯತ್ಯಾಸವಿದ್ದದ್ದು ಅದಕ್ಕಿಂತ ಮೊದಲು: ಇಡೀ ತರಗತಿಯ ಮೇಲೆ ಕಣ್ಣಿಟ್ಟು, ಪಾಠ ನಿಲ್ಲಿಸದೆ, ಕಿಡಿ ಕಿಡಿಯಾಗಿದ್ದಾಗಲೇ ಕಂಡುಹಿಡಿಯುವವರಲ್ಲಿ. ನನ್ನ ಅನುಭವದಲ್ಲಿ ಅತಿ ದೊಡ್ಡ ತಡೆ ಬೆಳಿಗ್ಗೆ ಬಾಗಿಲಲ್ಲಿ ನಿಂತು ಪ್ರತಿ ಮಗುವಿನ ಹೆಸರು ಹಿಡಿದು ಒಂದು ಮಾತಾಡುವುದು. ಆ ಹುಡುಗನನ್ನು ಅಂದು ಬಾಗಿಲಲ್ಲಿ ಯಾರಾದರೂ “ಏನಪ್ಪಾ, ಮುಖ ಯಾಕೆ ಹೀಗಿದೆ” ಎಂದು ಕೇಳಿದ್ದರೆ!

ಮೇಷ್ಟ್ರುಗಳನ್ನೇ ಬೈದೆನೆಂದು ವಿದ್ಯಾರ್ಥಿಗಳು ಖುಷಿಪಡುವುದು ಬೇಡ. 2021ರ ಡಿಸೆಂಬರಿನಲ್ಲಿ ದಾವಣಗೆರೆ ಜಿಲ್ಲೆಯ ಚನ್ನಗಿರಿ ತಾಲ್ಲೂಕಿನ ನಲ್ಲೂರು ಸರ್ಕಾರಿ ಪ್ರೌಢಶಾಲೆಯ ವೀಡಿಯೊ ಒಂದು ರಾಜ್ಯವಿಡೀ ಹರಿದಾಡಿತು. ಹಿಂದಿ ಪಾಠ ಮಾಡುತ್ತಿದ್ದ ಶಿಕ್ಷಕರನ್ನು ಕೆಲವು ಹುಡುಗರು ಸುತ್ತುವರಿದು ಸತಾಯಿಸಿದರು, ಒಬ್ಬ ಕಸದ ಬುಟ್ಟಿಯನ್ನು ಅವರ ತಲೆಗೇ ಹಾಕಿದ. ತರಗತಿಯಲ್ಲಿ ಗುಟ್ಕಾ ಪೊಟ್ಟಣ ಎಸೆಯಬೇಡಿ ಎಂದು ಬುದ್ಧಿ ಹೇಳಿದ್ದು ಇದಕ್ಕೆ ಹಿನ್ನೆಲೆ ಎಂದು ಪತ್ರಿಕೆಗಳಲ್ಲಿ ಬಂತು. ನೀವೂ ಮೊಬೈಲಿನಲ್ಲಿ ನೋಡಿರಬಹುದು. ಅದರಲ್ಲಿ ನನ್ನನ್ನು ಕಾಡುವವನು ಬುಟ್ಟಿ ಹಾಕಿದ ಹುಡುಗನಲ್ಲ, ಕ್ಯಾಮೆರಾ ಹಿಡಿದವನು. ಅವನು ಇಲ್ಲದಿದ್ದರೆ ಆ ಆಟಕ್ಕೆ ರಂಗವೇ ಇರುತ್ತಿರಲಿಲ್ಲ. ನನ್ನ ಕಾಲದಲ್ಲಿ ನೋಡುವವರು ನಲವತ್ತು ಜನ, ಸಂಜೆಗೆ ಮರೆಯುತ್ತಿದ್ದರು. ಈಗ ನೋಡುವವರು ನಾಲ್ಕು ಲಕ್ಷ, ಮರೆಯುವುದೇ ಇಲ್ಲ. ಆ ಹುಡುಗರು ಮುಂದೆ ಕೆಲಸ ಕೇಳಲು ಹೋದಾಗಲೂ ಆ ಅರ್ಧ ನಿಮಿಷ ಅವರಿಗಿಂತ ಮೊದಲು ಅಲ್ಲಿ ತಲುಪಿರುತ್ತದೆ. ಮಿತ್ರರೇ, ತರಗತಿಯಲ್ಲಿ ಜಗಳ ಹತ್ತಿದಾಗ ನೀವು ನಗದಿದ್ದರೆ, ಫೋನು ಎತ್ತದಿದ್ದರೆ, ಅದು ಅರ್ಧಕ್ಕರ್ಧ ಅಲ್ಲಿಯೇ ಆರುತ್ತದೆ. ಮೇಷ್ಟ್ರಿಂದ ಆಗದ ಕೆಲಸ ಅದು, ನಿಮ್ಮಿಂದಲೇ ಆಗಬೇಕು.

ಅಧಿಕಾರದ ಇನ್ನೊಂದು ಮುಖವನ್ನೂ ನಮ್ಮ ರಾಜ್ಯ ಕಂಡಿದೆ. 2023ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆಯ ಮಾಲೂರು ತಾಲ್ಲೂಕಿನ ಒಂದು ವಸತಿ ಶಾಲೆಯಲ್ಲಿ ಮಕ್ಕಳನ್ನು ಶೌಚದ ಗುಂಡಿಗೆ ಇಳಿಸಿ ಸ್ವಚ್ಛ ಮಾಡಿಸಿದ್ದು ಬೆಳಕಿಗೆ ಬಂತು. ಅಲ್ಲಿ ಜಗ್ಗಾಟವೂ ಇರಲಿಲ್ಲ. ಎದುರಾಡುವ ಧೈರ್ಯವಿಲ್ಲದ ಮಕ್ಕಳು. ಮಾತಾಡದ ತರಗತಿಯೆಲ್ಲ ಶಿಸ್ತಿನ ತರಗತಿಯಲ್ಲ.

ಈ ಸಭೆಯಲ್ಲಿ ಎಲ್ಲರ ಮನಸ್ಸಿನಲ್ಲಿರುವ, ಯಾರೂ ಕೇಳದ ವಿಷಯಕ್ಕೂ ಬರುತ್ತೇನೆ. ಉಡುಪಿಯ ಸರ್ಕಾರಿ ಬಾಲಕಿಯರ ಪದವಿಪೂರ್ವ ಕಾಲೇಜಿನಲ್ಲಿ ಕೆಲವು ಹೆಣ್ಣುಮಕ್ಕಳ ಹಿಜಾಬಿನ ವಿಷಯ ಎದ್ದದ್ದು 2021ರ ಕೊನೆಯಲ್ಲಿ. ಸರ್ಕಾರದ ಸಮವಸ್ತ್ರದ ಆದೇಶ ಬಂದದ್ದು 2022ರ ಫೆಬ್ರವರಿ 5ರಂದು. ಅದೇ ತಿಂಗಳು ರಾಜ್ಯದ ಶಾಲಾ ಕಾಲೇಜುಗಳು ಬಾಗಿಲು ಹಾಕಿದವು, ಹೈಕೋರ್ಟಿನ ಮಧ್ಯಂತರ ಆದೇಶ ಬಂತು. ಮಾರ್ಚ್ 15ರಂದು ಹೈಕೋರ್ಟ್ ಅರ್ಜಿಗಳನ್ನು ವಜಾ ಮಾಡಿತು. ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ಕೊಟ್ಟು ವಿಷಯವನ್ನು ಮುಖ್ಯ ನ್ಯಾಯಮೂರ್ತಿಗಳ ಮುಂದಿಟ್ಟರು. ತೀರ್ಪಿನ ಚರ್ಚೆ ವಕೀಲರಿಗೆ ಇರಲಿ. ನಾನು ನೋಡುವುದು ಕಾಲೇಜಿನ ಗೇಟನ್ನು. ಅಲ್ಲಿ ನಿಂತಿದ್ದ ಉಪನ್ಯಾಸಕಿಗೂ ಒಳಗೆ ಬರಬೇಕಿದ್ದ ಹುಡುಗಿಗೂ ಹಿಂದಿನ ವಾರದವರೆಗೆ ಪರಿಚಯವಿತ್ತು, ಒಂದು ನೋಟ್ಸಿನ ಲೇವಾದೇವಿ ಇತ್ತು. ಗೇಟಿನ ಹೊರಗೆ ಕ್ಯಾಮೆರಾಗಳು, ಶಾಲುಗಳು, ಘೋಷಣೆಗಳು ಬಂದು ನಿಂತ ಮೇಲೆ ಅವರಿಬ್ಬರೂ ಮಾತಾಡುವ ಹಾಗೇ ಇರಲಿಲ್ಲ. ಪ್ರಾಂಶುಪಾಲರ ಕೋಣೆಯಲ್ಲಿ, ತಂದೆತಾಯಿ ಕುಳಿತು, ಇನ್ನೂ ಹತ್ತು ದಿನ ಮಾತಾಡಿದ್ದರೆ ಏನಾಗುತ್ತಿತ್ತು ಎಂದು ಯಾರೂ ಹೇಳಲಾರರು. ಆದರೆ ನೋವು ಯಾರಿಗಾಯಿತು ಎಂದು ಹೇಳಬಹುದು. ಪರೀಕ್ಷೆ ಬಿಟ್ಟವರು ಹೆಣ್ಣುಮಕ್ಕಳು.

ಹೆಣ್ಣುಮಕ್ಕಳ ವಿಷಯದಲ್ಲಿ ಶಿಕ್ಷಕರಿಗೆ ಒಂದು ವಿನಂತಿ. “ನಾಳೆ ಅಪ್ಪನನ್ನು ಕರೆದುಕೊಂಡು ಬಾ” ಎನ್ನುವ ಮೊದಲು ಒಂದು ರಾತ್ರಿ ಯೋಚಿಸಿ. ಅಪ್ಪನಿಗೆ ಒಂದು ದಿನದ ಕೂಲಿ ಹೋಗುತ್ತದೆ. ಸ್ಟಾಫ್ ರೂಮಿನಲ್ಲಿ ಎಲ್ಲರೆದುರು ಅವನಿಗೆ ಅವಮಾನವಾಗುತ್ತದೆ, ಆ ಅವಮಾನವನ್ನು ಅವನು ಅಲ್ಲಿಯೇ ಮಗನ ಕೆನ್ನೆಗೆ ದಾಟಿಸುತ್ತಾನೆ. ಮಗಳಾದರೆ ಹೊಡೆಯುವುದಿಲ್ಲ, ಶಾಲೆ ಬಿಡಿಸುತ್ತಾನೆ. ತಿಂಗಳಲ್ಲಿ ನಾಲ್ಕು ಸಲ ತಡವಾಗಿ ಬಂದ ಒಂದು ಹುಡುಗಿಯ ಓದು ಹೀಗೆಯೇ ನಿಂತದ್ದನ್ನು ನಾನು ಬಲ್ಲೆ. ಪೋಷಕರನ್ನು ಕರೆಯಿರಿ, ಆದರೆ ಮಗು ಒಳ್ಳೆಯದು ಮಾಡಿದಾಗಲೂ ಒಂದು ಸಲ ಕರೆಯಿರಿ.

ಕಾನೂನಿನ ಮಾತನ್ನು ಬೇಗ ಮುಗಿಸುತ್ತೇನೆ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಮು ಮಕ್ಕಳಿಗೆ ದೈಹಿಕ ಶಿಕ್ಷೆ ಮತ್ತು ಮಾನಸಿಕ ಕಿರುಕುಳ ಎರಡನ್ನೂ ನಿಷೇಧಿಸುತ್ತದೆ. ಎಂಟನೇ ತರಗತಿ ಮುಗಿಯುವವರೆಗೆ ಮಗುವನ್ನು ಶಾಲೆಯಿಂದ ಹೊರಹಾಕುವಂತಿಲ್ಲ ಎಂದು 16ನೇ ಕಲಮು ಹೇಳುತ್ತದೆ. ಅಲ್ಪಸಂಖ್ಯಾತರ ಶಾಲೆಗಳಿಗೆ ಈ ಕಾಯ್ದೆ ಅನ್ವಯಿಸದು ಎಂದು 2014ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅದು ಸರಿಯೇ ಎಂಬ ಪ್ರಶ್ನೆಯನ್ನು 2025ರಲ್ಲಿ ಅದೇ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳ ಪೀಠ ಎತ್ತಿತು. ನಮ್ಮ ಕೆಲವು ಆಡಳಿತ ಮಂಡಳಿಗಳು 2014ರ ಮಾತನ್ನು ಹಿಡಿದುಕೊಂಡು, ಬೆತ್ತಕ್ಕೆ ಪರವಾನಗಿ ಸಿಕ್ಕಿತೆಂದು ತಿಳಿದಿವೆ. ಹಾಗಿಲ್ಲ. 2015ರ ಬಾಲನ್ಯಾಯ ಕಾಯ್ದೆಯ 75ನೇ ಕಲಮಿನಂತೆ, ತನ್ನ ವಶದಲ್ಲಿರುವ ಮಗುವಿನ ಮೇಲೆ ಕ್ರೌರ್ಯ ಎಸಗಿದವರಿಗೆ ಮೂರು ವರ್ಷದವರೆಗೆ ಜೈಲಾಗಬಹುದು. ಅದು ಯಾರ ಶಾಲೆ ಎಂದು ಆ ಕಲಮು ಕೇಳುವುದಿಲ್ಲ. ಅಲ್ಪಸಂಖ್ಯಾತರ ಹಕ್ಕು ಸಂಸ್ಥೆ ಕಟ್ಟುವುದಕ್ಕೆ ಇರುವುದು, ಹೊಡೆಯುವುದಕ್ಕಲ್ಲ.

ಹೊಡೆದಾಟ, ಕೈಯಲ್ಲಿ ಆಯುಧ, ಹೀಗೆ ಅಪಾಯವಿದ್ದಾಗ ನಾನು ಹೇಳಿದ ಯಾವ ನಾಜೂಕೂ ಬೇಡ. ಉಳಿದ ಮಕ್ಕಳನ್ನು ಹೊರಗೆ ಕಳಿಸಿ, ಇನ್ನೊಬ್ಬ ಶಿಕ್ಷಕರನ್ನು ಕರೆಯಿರಿ. ಒಬ್ಬರೇ ನಿಭಾಯಿಸುತ್ತೇನೆಂಬ ಶೌರ್ಯ ಬೇಡ. ನಲ್ಲೂರಿನ ವೀಡಿಯೊದಲ್ಲಿ ಆ ಶಿಕ್ಷಕರು ಎಷ್ಟು ಒಂಟಿಯಾಗಿ ಕಾಣುತ್ತಾರೆ! ಪಕ್ಕದ ಕೋಣೆಯ ಮೇಷ್ಟ್ರನ್ನು ಕರೆದರೆ ‘ಇವರಿಗೆ ಕ್ಲಾಸ್ ಕಂಟ್ರೋಲ್ ಇಲ್ಲ’ ಎಂದು ಆಡಿಕೊಳ್ಳುತ್ತಾರೆಂಬ ಭಯ ಸ್ಟಾಫ್ ರೂಮಿನಲ್ಲಿದೆ. ಆ ಭಯವನ್ನು ಹುಟ್ಟಿಸಿದವರು ಮಕ್ಕಳಲ್ಲ, ನಾವು.

ಭಾಷಣಕ್ಕೆ ಮೊದಲು ವಿದ್ಯಾರ್ಥಿಗಳಿಂದ ಹೆಸರಿಲ್ಲದ ಚೀಟಿಗಳನ್ನು ತರಿಸಿಕೊಂಡಿದ್ದೆ. ಮೇಲಿನ ಚೀಟಿ ಓದುತ್ತೇನೆ: “ಸಾರ್, ತಪ್ಪು ಟೀಚರ್‌ದೇ ಆದರೆ?”

ಒಳ್ಳೆಯ ಪ್ರಶ್ನೆ. ಆ ಗಳಿಗೆಯಲ್ಲಿ ವಾದಿಸಬೇಡ. ನೀನು ಸೋತೆ ಎಂದಲ್ಲ, ಅಲ್ಲಿ ಕೇಳಿಸಿಕೊಳ್ಳುವ ಕಿವಿ ಇರುವುದಿಲ್ಲ. ಮರುದಿನ ವಿರಾಮದಲ್ಲಿ ಹೋಗಿ, “ಸಾರ್, ನಿನ್ನೆ ಬಸ್ಸು ನಿಜವಾಗಿಯೂ ತಡವಾಗಿತ್ತು” ಎಂದಷ್ಟೇ ಹೇಳು. ಒಬ್ಬನೇ ಹೋಗಲು ಹೆದರಿಕೆಯಾದರೆ ನಿನಗೆ ನಂಬಿಕೆಯಿರುವ ಇನ್ನೊಬ್ಬ ಶಿಕ್ಷಕರನ್ನು ಜೊತೆಗೆ ಕರೆದುಕೊಂಡು ಹೋಗು. ಅದೂ ಆಗದಿದ್ದರೆ ಮುಖ್ಯ ಶಿಕ್ಷಕರಿಗೆ ದಿನಾಂಕ ಹಾಕಿ ಬರೆದು ಕೊಡು. ಸರ್ಕಾರಿ ಶಾಲೆಯಾದರೆ ಎಸ್.ಡಿ.ಎಂ.ಸಿ. ಇದೆ. ಹೊಡೆತ ಬಿದ್ದಿದ್ದರೆ, ಮೈಮೇಲೆ ಕೈ ಹಾಕಿದ್ದರೆ ಮರುದಿನದವರೆಗೆ ಕಾಯಬೇಡ, ಅಂದೇ ಮನೆಯಲ್ಲಿ ಹೇಳು. ಮನೆಯಲ್ಲಿ ಹೇಳಲಾಗದಿದ್ದರೆ 1098ಕ್ಕೆ ಫೋನು ಮಾಡು, ಅದಕ್ಕೆ ದುಡ್ಡು ಬೇಡ. ಏನೇ ಆದರೂ ಶಾಲೆ ಮಾತ್ರ ಬಿಡಬೇಡ. ನಿನ್ನ ಬೆಂಚು ಖಾಲಿಯಾದರೆ ನಿನ್ನ ಕಡೆಯ ಮಾತು ಹೇಳುವವರು ಅಲ್ಲಿ ಯಾರೂ ಇರುವುದಿಲ್ಲ.

ಎರಡನೇ ಚೀಟಿ ಶಿಕ್ಷಕರದ್ದು ಎಂದು ಅಕ್ಷರ ನೋಡಿದರೇ ತಿಳಿಯುತ್ತದೆ. ಅದಕ್ಕೆ ಎಲ್ಲರೆದುರು ಉತ್ತರ ಕೊಡುವುದಿಲ್ಲ. ಊಟವಾದ ಮೇಲೆ ಅವರೇ ನನ್ನನ್ನು ಕಾಣಲಿ.